ಈಸ್ಟ್‌ಲೀಯ ಉದ್ರಿ: ಸೊಮಾಲಿ ವ್ಯಾಪಾರಿಗಳ ನಂಬಿಕೆಗೆ ಜಾಮೀನು ಯಾವುದು?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಹೊಲಿಗೆ ಘಟಕವಿದೆ. ದುಬೈನಲ್ಲಿರುವ ಪರಿಚಯದವರ ಮೂಲಕ ನೈರೋಬಿಯ ಈಸ್ಟ್‌ಲೀ ಎಂಬ ಪೇಟೆಯ ಸೊಮಾಲಿ ವ್ಯಾಪಾರಿಯೊಬ್ಬರು ಮಾಲು ಕೇಳಿದ್ದಾರೆ. ಅಲ್ಲಿ ಬ್ಯಾಂಕು, ಕಾಗದಪತ್ರ ಏನೂ ಇಲ್ಲದೆ ಬರೀ ಬಾಯಿಮಾತಿನ ಮೇಲೆ ದೊಡ್ಡ ದೊಡ್ಡ ವ್ಯವಹಾರ ನಡೆಯುತ್ತದಂತೆ, ಒಂದೇ ಧರ್ಮದವರು ಎಂಬ ಕಾರಣಕ್ಕೆ ಒಬ್ಬರನ್ನೊಬ್ಬರು ನಂಬುತ್ತಾರಂತೆ. ಇದು ಎಷ್ಟು ನಿಜ? ನಿರಾಶ್ರಿತರಾಗಿ ಬಂದವರು ಇಷ್ಟು ಬೆಳೆದದ್ದು ಹೇಗೆ? ನಾವು ಉದ್ರಿ ಕೊಡಬಹುದೇ?

ಉತ್ತರ: ಧರ್ಮ ಒಂದೇ ಎಂಬ ಕಾರಣಕ್ಕೆ ಈಸ್ಟ್‌ಲೀಯಲ್ಲಿ ಯಾರೂ ಯಾರಿಗೂ ಉದ್ರಿ ಕೊಡುವುದಿಲ್ಲ. ಗುರುತಿಲ್ಲದ ಸೊಮಾಲಿಗೆ ಸೊಮಾಲಿ ವ್ಯಾಪಾರಿಯೂ ರೋಖವನ್ನೇ ಕೇಳುತ್ತಾನೆ. ಅಲ್ಲಿ ನಡೆಯುವುದು ಎರಡು ಪ್ರಶ್ನೆಗಳ ಮೇಲೆ. ಈ ಮನುಷ್ಯ ಯಾರೆಂದು ಎರಡು ಫೋನ್ ಕರೆಯಲ್ಲಿ ತಿಳಿಯಬಹುದೇ? ಇವನು ಕೊಡದಿದ್ದರೆ ಕೊಡುವವರು ಯಾರು? ಎರಡಕ್ಕೂ ಉತ್ತರ ಸಿಕ್ಕಿದರೆ ಕಾಗದವಿಲ್ಲದೆ ಮಾಲು ಹೋಗುತ್ತದೆ. ಒಂದಕ್ಕೆ ಸಿಗದಿದ್ದರೂ ಹೋಗುವುದಿಲ್ಲ. ಬ್ಯಾಂಕೇ ಇಲ್ಲ ಎಂಬ ಮಾತೂ ತಪ್ಪು. ಬ್ಯಾಂಕು ಇದೆ, ಕಣ್ಣಿಗೆ ಕಾಣುವ ಜಾಗದಲ್ಲಿ ಇಲ್ಲ ಅಷ್ಟೆ. ಅದನ್ನು ಮುಂದೆ ವಿವರಿಸುತ್ತೇನೆ.

ಈ ಪೇಟೆ ಬೆಳೆದ ಬಗೆಯನ್ನು ಮೊದಲು ನೋಡಬೇಕು. ನೈರೋಬಿಯ ಪೂರ್ವದ ಈ ಬಡಾವಣೆ ಬ್ರಿಟಿಷರ ಕಾಲದ್ದು. ಯಾವ ಜನಾಂಗದವರು ಎಲ್ಲಿ ವಾಸಿಸಬೇಕೆಂದು ಸರಕಾರವೇ ಗೆರೆ ಎಳೆದಿದ್ದ ಆ ದಿನಗಳಲ್ಲಿ ಇಲ್ಲಿ ಹೆಚ್ಚಾಗಿ ಇದ್ದವರು ಭಾರತೀಯರು. ಜೊತೆಗೆ ದನಕರುಗಳ ವ್ಯಾಪಾರ ಮಾಡುತ್ತಿದ್ದ, ಸೈನ್ಯದಲ್ಲಿದ್ದು ಬಂದಿದ್ದ ಸೊಮಾಲಿ ಕುಟುಂಬಗಳೂ ಇದ್ದವು. ಸ್ವಾತಂತ್ರ್ಯದ ನಂತರ ಭಾರತೀಯರಲ್ಲಿ ಹಲವರು ಬೇರೆಡೆಗೆ ಹೋದರು, ಕೀನ್ಯಾದ ಕಿಕುಯು ಜನಾಂಗದ ಮಾಲೀಕರು ಬಂದರು. 1991ರ ಜನವರಿಯಲ್ಲಿ ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ಸಿಯಾದ್ ಬರ್ರೆ ಸರಕಾರ ಬಿತ್ತು. ಊರು ಬಿಟ್ಟು ಬಂದವರಲ್ಲಿ ಅಂಗಡಿ ನಡೆಸಿದವರೂ ದುಬೈ ವ್ಯಾಪಾರ ಬಲ್ಲವರೂ ಇದ್ದರು. ಅದೇ ಹೊತ್ತಿಗೆ ಕೀನ್ಯಾ ತನ್ನ ಆಮದು ಪರವಾನಗಿಯ ಬಿಗಿ ಸಡಿಲಿಸಿತು, 1990ರ ದಶಕದ ಮಧ್ಯದ ಹೊತ್ತಿಗೆ ವಿದೇಶಿ ವಿನಿಮಯದ ನಿಯಂತ್ರಣವೂ ಹೋಯಿತು. ನಿರಾಶ್ರಿತರು ಹತ್ತು ವರ್ಷ ಮೊದಲು ಬಂದಿದ್ದರೆ ಈ ಪೇಟೆ ಹುಟ್ಟುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವರ ಶ್ರಮವನ್ನು ಕಡಿಮೆ ಮಾಡಲು ಈ ಮಾತು ಹೇಳುತ್ತಿಲ್ಲ. ಸೊಮಾಲಿಗಳ ರಕ್ತದಲ್ಲೇ ವ್ಯಾಪಾರವಿದೆ ಎಂದು ಬರೆಯುವವರು ಈ ಕಾಲದ ಕೂಡುವಿಕೆಯನ್ನು ಗಮನಿಸುವುದೇ ಇಲ್ಲ.

ಶುರುವಾದದ್ದು ಗಾರಿಸ್ಸಾ ಲಾಡ್ಜ್ ಎಂಬ ವಸತಿಗೃಹದಿಂದ. ನಿರಾಶ್ರಿತರು ಅಲ್ಲಿ ಕೋಣೆ ಹಿಡಿದು ಉಳಿದರು. ತಂದಿದ್ದ ಬಟ್ಟೆಯನ್ನೂ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಮಾನನ್ನೂ ಹಗಲು ಮಂಚದ ಮೇಲೆ ಹರಡಿ ಮಾರುವುದು, ರಾತ್ರಿ ಅದನ್ನೇ ಮಂಚದ ಕೆಳಗೆ ತಳ್ಳಿ ಮಲಗುವುದು. ಕೋಣೆಯ ಬಾಡಿಗೆಗಿಂತ ಅಂಗಡಿಯ ಬಾಡಿಗೆ ಹೆಚ್ಚು ಹುಟ್ಟುತ್ತದೆಂದು ಕಂಡ ಮೇಲೆ ಲಾಡ್ಜನ್ನು ಪೂರ್ತಿ ಅಂಗಡಿಗಳ ಸಂಕೀರ್ಣವಾಗಿ ಬದಲಾಯಿಸಿದರು. ಆಮೇಲೆ ಅಮಲ್ ಪ್ಲಾಜಾದಂಥ ಮಾಲ್‌ಗಳು ಒಂದರ ಹಿಂದೆ ಒಂದು ಎದ್ದವು. ಕಟ್ಟಡಕ್ಕೆ ಬ್ಯಾಂಕ್ ಸಾಲಕ್ಕಿಂತ ಮುಖ್ಯವಾಗಿದ್ದದ್ದು ನಮ್ಮ ಪೇಟೆಗಳ ಪಗಡಿಯಂಥ ಹಣ. ಅಲ್ಲಿ ಅದಕ್ಕೆ ಗುಡ್‌ವಿಲ್ ಎನ್ನುತ್ತಾರೆ. ಅಡಿಪಾಯ ಹಾಕುವ ಮೊದಲೇ ಅಂಗಡಿಕಾರರಿಂದ ಮುಂಗಡ ಬರುತ್ತದೆ, ಉಳಿದದ್ದು ಮಿನಿಯಾಪೊಲಿಸ್, ಲಂಡನ್, ಟೊರೊಂಟೊಗಳಲ್ಲಿ ಟ್ಯಾಕ್ಸಿ ಓಡಿಸುವ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಬಂಧುಗಳ ಪಾಲುಬಂಡವಾಳ. 2003ರಿಂದ 2007ರವರೆಗೆ ಕೀನ್ಯಾದ ಆರ್ಥಿಕತೆ ವರ್ಷದಿಂದ ವರ್ಷಕ್ಕೆ ವೇಗ ಪಡೆದು ಬೆಳವಣಿಗೆ ಶೇ. 7ರ ಆಸುಪಾಸು ಮುಟ್ಟಿದಾಗ ಕೊಳ್ಳುವ ಜನಕ್ಕೂ ಕೊರತೆಯಿರಲಿಲ್ಲ. ಉಗಾಂಡಾ, ತಾಂಜಾನಿಯಾ, ಪೂರ್ವ ಕಾಂಗೋಗಳಿಂದಲೂ ಸಗಟು ಗಿರಾಕಿಗಳು ಬರುತ್ತಾರೆ.

ಇನ್ನು ಉದ್ರಿಯ ವಿಷಯ. ನಮ್ಮ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಹಾಕುತ್ತೇವೆ. ಈಸ್ಟ್‌ಲೀ ಇದಕ್ಕೆ ತಿರುಗಾಮುರುಗಾ, ಅಲ್ಲಿ ಪೇಟೆ ನಿಂತಿರುವುದೇ ಉದ್ರಿಯ ಮೇಲೆ. ಕಂಟೇನರ್ ತರಿಸುವ ದೊಡ್ಡ ಆಮದುದಾರ ಸಗಟು ಅಂಗಡಿಗೆ ಉದ್ರಿ ಕೊಡುತ್ತಾನೆ, ಸಗಟು ಅಂಗಡಿ ಆರಡಿ ಅಗಲದ ಗೂಡಂಗಡಿಗೆ ಕೊಡುತ್ತದೆ, ಗೂಡಂಗಡಿ ತಳ್ಳುಗಾಡಿಯವನಿಗೆ ಕೊಡುತ್ತದೆ. ಅಕ್ಕಪಕ್ಕದ ಅಂಗಡಿಗಳ ನಡುವೆಯೂ ದಿನವಿಡೀ ಸಣ್ಣ ಉದ್ರಿ ಓಡಾಡುತ್ತಿರುತ್ತದೆ. ಗಿರಾಕಿ ಕೇಳಿದ ಸೈಜು ಇಲ್ಲವೆಂದರೆ ಹುಡುಗ ಓಡಿಹೋಗಿ ಪಕ್ಕದಂಗಡಿಯಿಂದ ತರುತ್ತಾನೆ, ಸಂಜೆ ಲೆಕ್ಕ ಚುಕ್ತಾ. ಚಿಕ್ಕಪೇಟೆಯ ಓಣಿಗಳನ್ನು ಬಲ್ಲವರಿಗೆ ಇದು ಹೊಸದಲ್ಲ.

ಸಾಲಕ್ಕೆ ಅವರ ಮಾತು ದೈನ್. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ, ಆದರೆ ಉದ್ರಿಯ ಬೆಲೆ ರೋಖದ ಬೆಲೆಗಿಂತ ಹೆಚ್ಚಿರಬಹುದು. ಮೊದಲೇ ಒಂದು ಬೆಲೆ ಗೊತ್ತುಮಾಡಿದರೆ ಸರಿ, ಕಂತು ತಪ್ಪಿದ ಮೇಲೆ ಅದನ್ನು ಏರಿಸುವಂತಿಲ್ಲ. ಇದರ ಪರಿಣಾಮವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ತಡವಾದ ಪ್ರತಿ ದಿನವೂ ಕೊಟ್ಟವನ ನಷ್ಟ, ದಂಡಬಡ್ಡಿಯಿಂದ ಅದನ್ನು ತುಂಬಿಕೊಳ್ಳಲು ದಾರಿಯಿಲ್ಲ. ಹಾಗಾಗಿ ಅವರ ಜಾಗ್ರತೆಯೆಲ್ಲ ಉದ್ರಿ ಕೊಡುವ ಮೊದಲೇ ಮುಗಿದಿರುತ್ತದೆ. ಮೊದಲ ವ್ಯವಹಾರ ಪೂರ್ತಿ ರೋಖ. ಎರಡು ಮೂರು ಸಲವಾದ ಮೇಲೆ ಅರ್ಧ ರೋಖ, ಅರ್ಧ ಉದ್ರಿ. ಆಮೇಲೆ ಮಾರಿ ಕೊಡು ಎಂಬ ಮಟ್ಟ. ಹೊಸಬನನ್ನು ಒಬ್ಬ ಹಳಬ ಅಂಗಡಿಗೆ ಕರೆತಂದು ಕೂರಿಸಿ "ಇವನು ನಮ್ಮವನು" ಎಂದರೆ ಅದು ಬರೀ ಪರಿಚಯ ಮಾಡಿಸಿದ ಹಾಗಲ್ಲ, ಜಾಮೀನು ನಿಂತ ಹಾಗೆ. ಹೊಸಬ ಕೈಕೊಟ್ಟರೆ ವಸೂಲಿಗೆ ಮೊದಲು ಹೋಗುವುದು ಆ ಹಳಬನ ಅಂಗಡಿಗೇ.

ಹಳಬನೂ ಕೈಯೆತ್ತಿದರೆ? ಸೊಮಾಲಿ ಸಮಾಜದಲ್ಲಿ ಒಬ್ಬನ ತಪ್ಪಿಗೆ ಪರಿಹಾರ ತೆರಬೇಕಾದ ಹತ್ತಿರದ ಬಂಧುಗಳ ಗುಂಪೊಂದಿದೆ, ಆ ಪರಿಹಾರಕ್ಕೆ ಮಗ್ ಅಥವಾ ದಿಯಾ ಎನ್ನುತ್ತಾರೆ. ಮೂಲತಃ ಅದು ಕೊಲೆ, ಗಾಯಗಳ ಪ್ರಕರಣಗಳಿಗೆ. ಆದರೆ ದೊಡ್ಡ ಬಾಕಿ ಬಿದ್ದಾಗ ಒತ್ತಡ ಹರಿಯುವುದು ಅದೇ ದಾರಿಯಲ್ಲಿ. ಹಿರಿಯರು, ಶೇಖ್‌ಗಳು ಎರಡೂ ಕಡೆಯವರನ್ನು ಕೂರಿಸುತ್ತಾರೆ, ಎಷ್ಟು ಬಿಡಬೇಕು, ಎಷ್ಟು ತಿಂಗಳಲ್ಲಿ ಕೊಡಬೇಕು ಎಂದು ಮಾತಾಗುತ್ತದೆ. ನಿಜವಾಗಿ ಸೋತವನಿಗೆ ಕಾಲಾವಕಾಶ ಸಿಗುತ್ತದೆ. ಮೋಸ ಮಾಡಿದವನ ಹೆಸರು ನೈರೋಬಿಯಲ್ಲಿ ಕೆಟ್ಟರೆ ದುಬೈನ ದೇರಾದಲ್ಲೂ ಚೀನಾದ ಗುವಾಂಗ್‌ಝೌದಲ್ಲೂ ಕೆಡುತ್ತದೆ, ಏಕೆಂದರೆ ಅಲ್ಲಿ ಮಾಲು ಕೊಡಿಸುವ ದಲ್ಲಾಳಿಗಳೂ ಇದೇ ಫೋನ್ ಪಟ್ಟಿಯವರು. ನ್ಯಾಯಾಲಯಕ್ಕಿಂತ ಬೇಗ ಇತ್ಯರ್ಥವಾಗುತ್ತದೆ, ನಿಜ. ಆದರೆ ಈ ಬಲೆಯ ಹೊರಗಿನವನಿಗೆ, ಅಂದರೆ ನಿಮಗೆ, ಆ ಕಟ್ಟೆಯಲ್ಲಿ ಕೂರಲು ಜಾಗವಿಲ್ಲ. ಇದನ್ನು ಮರೆಯಬೇಡಿ.

ಮಾತು ಬಂದದ್ದರಿಂದ ಒಂದು ವಿಷಯ. ದಲ್ಲಾಳಿಗೆ ಸೊಮಾಲಿಯಲ್ಲಿ ದಿಲಾಲ್, ನಂಬಿ ಒಪ್ಪಿಸಿದ್ದಕ್ಕೆ ಅಮಾನ, ಹಣ ರವಾನೆಗೆ ಹವಾಲದ್. ನಮ್ಮ ದಲ್ಲಾಳಿ, ಅಮಾನತು, ಹವಾಲೆಗಳ ಬೇರೂ ಅದೇ ಅರಬ್ಬಿ. ಹಿಂದೂ ಮಹಾಸಾಗರದ ಎರಡೂ ದಡದ ಪೇಟೆಗಳು ಒಂದೇ ಲೆಕ್ಕದ ಭಾಷೆ ಕಲಿತವು.

ಬಂಡವಾಳದ ಇನ್ನೊಂದು ಮೂಲ ಹೆಂಗಸರದು. ಸಣ್ಣ ಅಂಗಡಿಗಳಲ್ಲಿ ಬಹಳಷ್ಟನ್ನು ನಡೆಸುವವರು ಅವರೇ, ಅವರ ಬ್ಯಾಂಕು ಅಯ್ಯೂತೊ. ಹಗ್ಬದ್ ಎಂದೂ ಕರೆಯುತ್ತಾರೆ. ಅಯ್ಯೂತೊ ಎಂಬುದು ಸಹಾಯ ಎಂಬ ಅರ್ಥದ ಇಟಾಲಿಯನ್ ಮಾತಿನಿಂದ ಬಂದದ್ದು, ದಕ್ಷಿಣ ಸೊಮಾಲಿಯಾ ಇಟಲಿಯ ವಸಾಹತಾಗಿತ್ತಲ್ಲ. ನಮ್ಮ ಚೀಟಿಯದೇ ರೂಪ ಇದು, ಒಂದು ವ್ಯತ್ಯಾಸ ಮಾತ್ರ ಮುಖ್ಯ. ಉದಾಹರಣೆಗೆ 12 ಜನ ವಾರಕ್ಕೆ ತಲಾ 5,000 ಶಿಲಿಂಗ್ ಹಾಕಿದರೆ ವಾರಕ್ಕೊಬ್ಬರಿಗೆ 60,000 ಸಿಗುತ್ತದೆ. ನಮ್ಮ ಕೂಗು ಚೀಟಿಯ ಹಾಗೆ ಕಡಿಮೆಗೆ ಕೂಗಿ ಎತ್ತುವಂತಿಲ್ಲ, ಏಕೆಂದರೆ ಬಿಟ್ಟುಕೊಟ್ಟ ಹಣ ಬಡ್ಡಿಯಾಗುತ್ತದೆ. ಸರದಿಯನ್ನು ಅದೃಷ್ಟದ ಚೀಟಿ ಎತ್ತಿಯೋ ನಡೆಸುವವಳ ತೀರ್ಮಾನದಿಂದಲೋ ಗೊತ್ತುಮಾಡುತ್ತಾರೆ. ತುರ್ತಿದ್ದವಳು ಕೇಳಿ ಅದಲುಬದಲು ಮಾಡಿಕೊಳ್ಳಬಹುದು. ಇಲ್ಲಿ ಕೆಡುವುದು ಒಂದೇ ಕಡೆ: ಮೊದಲ ವಾರ ಎತ್ತಿಕೊಂಡವಳು ಆರನೆಯ ವಾರ ಕಾಣೆಯಾಗುವುದು. ಅದಕ್ಕೇ ಹೊಸಬಳ ಸರದಿ ಸಾಮಾನ್ಯವಾಗಿ ಕೊನೆಯದು. ಹನ್ನೆರಡು ವಾರ ತಪ್ಪದೆ ಕಟ್ಟಿದ ದಾಖಲೆಯೇ ಮುಂದಿನ ಸುತ್ತಿಗೆ ಅವಳ ಗುರುತಿನ ಚೀಟಿ.

ಈಗ ಹವಾಲದ್. ಇದನ್ನು ಕತ್ತಲ ವ್ಯವಹಾರವೆಂದು ತಿಳಿದವರೇ ಹೆಚ್ಚು, ಆದ್ದರಿಂದ ಲೆಕ್ಕ ಸಮೇತ ನೋಡೋಣ. ಮಿನಿಯಾಪೊಲಿಸ್‌ನ 20 ಜನ ಈಸ್ಟ್‌ಲೀಯ ತಮ್ಮ ಮನೆಯವರಿಗೆ ತಲಾ 250 ಡಾಲರ್ ಕಳಿಸಬೇಕು ಎಂದಿಟ್ಟುಕೊಳ್ಳಿ, ಒಟ್ಟು 5,000. ಅವರು ಅಲ್ಲಿನ ರವಾನೆ ಕಚೇರಿಗೆ ಹಣವನ್ನೂ ಶುಲ್ಕವನ್ನೂ ಕಟ್ಟುತ್ತಾರೆ. ಅದೇ ದಿನ ಈಸ್ಟ್‌ಲೀಯ ಅಬಾಯಾ (ಹೆಂಗಸರ ನಿಲುವಂಗಿ) ವ್ಯಾಪಾರಿಯೊಬ್ಬ ದೇರಾದ ಸಗಟುಗಾರನಿಗೆ 5,000 ಡಾಲರ್ ತೀರಿಸಬೇಕಿದೆ. ಅವನು ಅದನ್ನು ಈಸ್ಟ್‌ಲೀಯ ಕಚೇರಿಗೆ ಕೊಡುತ್ತಾನೆ. ಆ ನೋಟುಗಳನ್ನೇ ಕಚೇರಿ 20 ಮನೆಯವರಿಗೆ ಹಂಚುತ್ತದೆ. ಹಣ ಪಡೆಯಲು ಬಂದ ಅಜ್ಜಿಗೆ ಗುರುತಿನ ಕಾಗದದ ಜೊತೆಗೆ ತಂದೆಯ ಹೆಸರು, ಅಜ್ಜನ ಹೆಸರು, ಕಳಿಸಿದವನು ನಿಮಗೆ ಏನಾಗಬೇಕು ಎಂದು ಕೇಳುತ್ತಾರೆ. ವಂಶಾವಳಿಯೇ ಗುಪ್ತಸಂಖ್ಯೆ. ಇತ್ತ ಮಿನಿಯಾಪೊಲಿಸ್ ಕಚೇರಿಯಲ್ಲಿ ಉಳಿದ 5,000 ಡಾಲರ್ ದುಬೈನ ಖಾತೆಗೆ ಹೋಗುತ್ತದೆ. ದುಬೈ ಕಚೇರಿ ಸಗಟುಗಾರನಿಗೆ ಸುಮಾರು 18,360 ದಿರ್ಹಮ್ ಎಣಿಸಿಕೊಡುತ್ತದೆ. 1997ರಿಂದ ಒಂದು ಡಾಲರಿಗೆ 3.6725 ದಿರ್ಹಮ್ ಎಂದು ಸ್ಥಿರವಾಗಿರುವುದರಿಂದ ಈ ಹಂತದಲ್ಲಿ ದರದ ಭಯವಿಲ್ಲ.

ಗಮನಿಸಿ, ಮನೆಗೆ ಬರುವ ಹಣವೂ ಮಾಲಿಗೆ ಹೋಗುವ ಹಣವೂ ಈಸ್ಟ್‌ಲೀಯಲ್ಲಿ ಒಂದನ್ನೊಂದು ತೀರಿಸಿಬಿಟ್ಟವು. ಸಮುದ್ರ ದಾಟಿದ್ದು ಒಂದೇ ಸಲ, ಅಮೆರಿಕದಿಂದ ದುಬೈಗೆ, ಅದೂ ಬ್ಯಾಂಕ್ ಖಾತೆಯ ಮೂಲಕವೇ. ಅಗ್ಗವಾಗಿ, ಬೇಗ ನಡೆಯಲು ಇದೇ ಕಾರಣ. ದುರ್ಬಲ ಜಾಗವೂ ಇದೇ. ಆ ಒಂದು ಖಾತೆ ಮುಚ್ಚಿದರೆ ಇಡೀ ಸಾಲು ನಿಲ್ಲುತ್ತದೆ. 2001ರ ನವೆಂಬರ್ 7ರಂದು ಅಮೆರಿಕ ಅಲ್-ಬರಕಾತ್ ಎಂಬ ಸೊಮಾಲಿ ರವಾನೆ ಸಂಸ್ಥೆಯ ಹಣವನ್ನು ತಡೆಹಿಡಿದಾಗ ಸಾವಿರಾರು ಮನೆಗಳ ಉಳಿತಾಯ ಸಿಕ್ಕಿಬಿತ್ತು. ಭಯೋತ್ಪಾದನೆಗೆ ಹಣ ಹೋಗಿತ್ತೆಂಬ ಆರೋಪಕ್ಕೆ ಆಮೇಲೆ ಪುರಾವೆ ಸಿಗಲಿಲ್ಲ. 2013ರಲ್ಲಿ ಬಾರ್ಕ್ಲೇಸ್ ಬ್ಯಾಂಕ್ ಬ್ರಿಟನ್ನಿನಲ್ಲಿ ದಹಬ್‌ಶೀಲ್ ಮುಂತಾದ ರವಾನೆ ಸಂಸ್ಥೆಗಳ ಖಾತೆ ಮುಚ್ಚಲು ಹೊರಟಿತು. 2015ರ ಏಪ್ರಿಲ್ 2ರಂದು ಕೀನ್ಯಾದ ಗಾರಿಸ್ಸಾ ಊರಿನ ವಿಶ್ವವಿದ್ಯಾಲಯದಲ್ಲಿ ಉಗ್ರರ ದಾಳಿಗೆ 148 ಜನರ ಹತ್ಯೆಯಾದ ಮೇಲೆ ಕೀನ್ಯಾ ಸರಕಾರ 13 ರವಾನೆ ಸಂಸ್ಥೆಗಳನ್ನು ಅಮಾನತು ಮಾಡಿತು, ಜೂನ್‌ನಲ್ಲಿ ಮತ್ತೆ ಬಿಟ್ಟಿತು. ಆ ತಿಂಗಳುಗಳಲ್ಲಿ ಪೆಟ್ಟು ತಿಂದವರು ಬಂದೂಕು ಹಿಡಿದವರಲ್ಲ, ಮಗಳು ಕಳಿಸುವ 200 ಡಾಲರಿಗೆ ಕಾದವರು, ಮಾಲಿನ ಹಣ ಕಟ್ಟಲಾಗದೆ ಮಾತು ತಪ್ಪಿದ ಅಂಗಡಿಕಾರರು.

ಅದಕ್ಕೂ ಒಂದು ವರ್ಷ ಮೊದಲು, 2014ರ ಏಪ್ರಿಲ್‌ನಲ್ಲಿ ಈಸ್ಟ್‌ಲೀಯಲ್ಲಿ ಉಸಲಾಮಾ ವಾಚ್ ಎಂಬ ಪೊಲೀಸ್ ಕಾರ್ಯಾಚರಣೆ ನಡೆದಿತ್ತು. ಸಾವಿರಾರು ಜನರನ್ನು ಹಿಡಿದು ಕಸರಾನಿ ಕ್ರೀಡಾಂಗಣದಲ್ಲಿ ಕೂಡಿಹಾಕಿದರು. ಕೀನ್ಯಾದಲ್ಲೇ ಹುಟ್ಟಿದ ಸೊಮಾಲಿಯೂ ನಿನ್ನೆ ಬಂದ ನಿರಾಶ್ರಿತನೂ ಪೊಲೀಸರ ಕಣ್ಣಿಗೆ ಒಂದೇ. ಇದು ಅನ್ಯಾಯ ಮಾತ್ರವಲ್ಲ, ವ್ಯಾಪಾರದ ಅಪಾಯವೂ ಹೌದು. ನಿರಾಶ್ರಿತರಿಗೆ ತೆರಿಗೆ ಸಂಖ್ಯೆ, ಪರವಾನಗಿ ಸುಲಭವಾಗಿ ಸಿಗದಿದ್ದುದರಿಂದ ಎಷ್ಟೋ ಅಂಗಡಿಗಳ ಕಾಗದ ಕೀನ್ಯಾ ಪ್ರಜೆಯಾದ ಪಾಲುದಾರನ ಹೆಸರಲ್ಲಿರುತ್ತದೆ. ಸಂಬಂಧ ಕೆಟ್ಟರೆ ಕಾಗದವಿದ್ದವನೇ ಮಾಲೀಕ. 2021ರ ನಿರಾಶ್ರಿತರ ಕಾಯ್ದೆ ದುಡಿಯುವ ಹಕ್ಕನ್ನು ವಿಸ್ತರಿಸಿತು. ಆದರೂ ನಿಮ್ಮ ಗಿರಾಕಿಯ ಅಂಗಡಿ ಕಾನೂನಿನ ಪ್ರಕಾರ ಯಾರದು ಎಂದು ಕೇಳಿಯೇ ತಿಳಿದುಕೊಳ್ಳಬೇಕು.

ಸರಕಾರದ ಕೈವಾಡವಿಲ್ಲದೆಯೂ ಉದ್ರಿ ಮುರಿಯುತ್ತದೆ. ಅಂಗಡಿಯಲ್ಲಿ ಮಾರಾಟ ಶಿಲಿಂಗಿನಲ್ಲಿ, ಮಾಲಿನ ಹಣ ಡಾಲರಿನಲ್ಲಿ. 2023ರ ಆರಂಭದಲ್ಲಿ ಡಾಲರಿಗೆ ಸುಮಾರು 123 ಶಿಲಿಂಗ್ ಇದ್ದದ್ದು 2024ರ ಜನವರಿಗೆ 160ರ ಹತ್ತಿರ ಹೋಯಿತು, ಕೆಲವೇ ತಿಂಗಳಲ್ಲಿ 130ರ ಆಸುಪಾಸಿಗೆ ಇಳಿಯಿತು. ಡಾಲರಿಗೆ 140 ಇದ್ದಾಗ 10,000 ಡಾಲರಿನ ಮಾಲನ್ನು 14 ಲಕ್ಷ ಶಿಲಿಂಗಿಗೆ ಉದ್ರಿ ಕೊಟ್ಟವನು, 155 ಆದಾಗ ಪೂರ್ತಿ ವಸೂಲಿ ಮಾಡಿದರೂ ಕೈಗೆ ಬಂದದ್ದು ಸುಮಾರು 9,030 ಡಾಲರ್. ಗಿರಾಕಿ ಪ್ರಾಮಾಣಿಕ, ಜಾಮೀನುದಾರ ಗಟ್ಟಿ, ಆದರೂ ನಷ್ಟ. ಅದೇ ದರ ಮೇಲಿದ್ದಾಗ ದುಬಾರಿಗೆ ತಂದು ಗೋದಾಮಿನಲ್ಲಿ ಇಟ್ಟವನಿಗೆ ದರ ಇಳಿದಾಗ ಪೆಟ್ಟು, ಪಕ್ಕದವನು ಅಗ್ಗಕ್ಕೆ ತಂದು ಮಾರುತ್ತಾನೆ.

ಇನ್ನೊಂದು ತೊಂದರೆ ಪಾಲುಕಂಟೇನರಿನದು. 40 ಅಡಿಯ ಎತ್ತರದ ಕಂಟೇನರಿನ ಒಳಗೆ ಸುಮಾರು 76 ಘನ ಮೀಟರ್ ಜಾಗ, ತುಂಬಲಾಗುವುದು 68ರಷ್ಟು. ಹತ್ತಿಪ್ಪತ್ತು ವ್ಯಾಪಾರಿಗಳು ಅದನ್ನು ಘನ ಮೀಟರಿನ ಲೆಕ್ಕದಲ್ಲಿ ಹಂಚಿಕೊಳ್ಳುತ್ತಾರೆ, ಬೇಲುಗಳ ಮೇಲೆ ಬಣ್ಣದಲ್ಲಿ ಬರೆದ ಗುರುತೇ ಮಾಲೀಕತ್ವ. ಒಬ್ಬ ಸುಳ್ಳು ಘೋಷಣೆ ಕೊಟ್ಟರೆ, ಒಬ್ಬನ ಮಾಲಿಗೆ ಗುಣಮಟ್ಟದ ಪ್ರಮಾಣಪತ್ರವಿಲ್ಲದಿದ್ದರೆ, ಮೊಂಬಾಸಾದಲ್ಲೋ ನೈರೋಬಿಯ ಎಂಬಕಾಸಿ ಒಳನಾಡು ಡಿಪೋದಲ್ಲೋ ಎಲ್ಲರ ಮಾಲೂ ನಿಲ್ಲುತ್ತದೆ, ದಿನದ ಬಾಡಿಗೆ ಎಲ್ಲರ ತಲೆಗೆ. 2018–19ರಲ್ಲಿ ಕೀನ್ಯಾ ಇಂಥ ಕೂಡುಸರಕಿನ ಮೇಲೆ ತಪಾಸಣೆ ಬಿಗಿಮಾಡಿದಾಗ ಸಣ್ಣ ವ್ಯಾಪಾರಿಗಳು ತಿಂಗಳುಗಟ್ಟಲೆ ಒದ್ದಾಡಿದರು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಈಸ್ಟ್‌ಲೀಯವರ ಮೆಟ್ಟಿಲನ್ನೇ ನೀವೂ ಹತ್ತಿ. ಮೊದಲ ಆರ್ಡರನ್ನು ಚಿಕ್ಕದಾಗಿಟ್ಟು ಪೂರ್ತಿ ಹಣ ಬಂದ ಮೇಲೆ ಕಳಿಸಿ, ಅದನ್ನು ಕೇಳಿ ಅವರು ಮುನಿಸಿಕೊಳ್ಳುವುದಿಲ್ಲ. ಅವರ ಪೇಟೆಯ ನಡವಳಿಕೆಯೇ ಅದು. ಎರಡನೆಯ, ಮೂರನೆಯದಕ್ಕೆ ಅರ್ಧ ಮುಂಗಡ, ಉಳಿದದ್ದು ಹಡಗಿನ ಕಾಗದ ಬ್ಯಾಂಕಿನ ಮೂಲಕ ಬಿಡಿಸಿಕೊಳ್ಳುವಾಗ. ತೆರೆದ ಉದ್ರಿ ಕೊಡುವುದಾದರೆ ದುಬೈನ ನಿಮ್ಮ ಪರಿಚಯದವರನ್ನು ನೇರವಾಗಿ ಕೇಳಿ: ಇವರು ಕೊಡದಿದ್ದರೆ ನೀವು ಕೊಡುತ್ತೀರಾ? ಅವರು ತಡವರಿಸಿದರೆ ನಿಮಗೆ ಸಿಕ್ಕಿರುವುದು ಬರೀ ಪರಿಚಯ, ಜಾಮೀನಲ್ಲ. ಹೌದು ಎಂದರೂ ಬರವಣಿಗೆಯಲ್ಲಿ ತೆಗೆದುಕೊಂಡು, ಭಾರತದ ರಫ್ತು ಸಾಲ ಖಾತರಿ ನಿಗಮದಲ್ಲಿ ವಿಮೆ ಮಾಡಿಸಿ. ಬೆಲೆ ಡಾಲರಿನಲ್ಲೇ ಇರಲಿ.

ಹಣ ನೈರೋಬಿಯಿಂದ ಬಾರದೆ ದುಬೈನ ಯಾವುದೋ ಕಂಪನಿಯ ಖಾತೆಯಿಂದ ಬರುವ ಸಾಧ್ಯತೆ ಹೆಚ್ಚು. ಮೇಲಿನ ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ಬರುವ ಇಂಥ ಮೂರನೆಯವರ ಪಾವತಿಗೆ ನಮ್ಮಲ್ಲಿ ಅವಕಾಶವಿದೆ, ಆದರೆ ಆರ್ಡರಿನಲ್ಲೂ ರಫ್ತು ಘೋಷಣೆಯಲ್ಲೂ ಅದನ್ನು ಮೊದಲೇ ತೋರಿಸಿ ನಿಮ್ಮ ಬ್ಯಾಂಕಿನ ಒಪ್ಪಿಗೆ ಪಡೆದಿರಬೇಕು. ಯಾರಾದರೂ ಬೆಂಗಳೂರಿನಲ್ಲೇ ರೂಪಾಯಿ ನಗದು ತಲುಪಿಸುತ್ತೇವೆ ಎಂದರೆ ಒಪ್ಪಲೇಬೇಡಿ. ಕೀನ್ಯಾದಲ್ಲಿ ರವಾನೆ ಸಂಸ್ಥೆಗೆ ಕೇಂದ್ರ ಬ್ಯಾಂಕಿನ ಪರವಾನಗಿಯಿರಬಹುದು, ಭಾರತದಲ್ಲಿ ಹವಾಲಾ 1999ರ ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ, ನಿಮ್ಮ ರಫ್ತಿನ ಹಣ ಬಂತೆಂದು ಬ್ಯಾಂಕಿನಲ್ಲಿ ದಾಖಲೂ ಆಗುವುದಿಲ್ಲ.

ಇನ್‌ವಾಯ್ಸ್‌ನಲ್ಲಿ ಬೆಲೆ ಕಡಿಮೆ ಬರೆದುಕೊಡಿ ಎಂಬ ಕೋರಿಕೆಯೂ ಬರಬಹುದು. 2022ರ ಜುಲೈನಿಂದ ಕೀನ್ಯಾವೂ ಸೇರಿರುವ ಪೂರ್ವ ಆಫ್ರಿಕಾ ಸಮುದಾಯದಲ್ಲಿ ಸಿದ್ಧ ಉಡುಪಿಗೆ ಶೇ. 35 ಸುಂಕ, ಅದರ ಮೇಲೆ ಕೀನ್ಯಾದಲ್ಲಿ ಶೇ. 16 ವ್ಯಾಟ್, ಬೇರೆ ಲೆವಿಗಳು. ಅವರ ಕಷ್ಟ ನಿಜವಾದದ್ದೇ, ಆದರೂ ಒಪ್ಪಬೇಡಿ. ಕಡಿಮೆ ಬರೆದ ಬೆಲೆಯೇ ವಿಮೆಯ ಬೆಲೆ, ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಏಕೈಕ ದಾಖಲೆಯೂ ಅದೇ. ಹಡಗು ಹತ್ತಿಸುವ ಮೊದಲು ಕೀನ್ಯಾದ ಗುಣಮಟ್ಟ ಸಂಸ್ಥೆ ಒಪ್ಪಿದ ಪರೀಕ್ಷಕರಿಂದ ಅನುಸರಣೆ ಪ್ರಮಾಣಪತ್ರ ಮಾಡಿಸುವುದು ಯಾರ ಜವಾಬ್ದಾರಿ, ಯಾರ ಖರ್ಚು ಎಂದು ಆರ್ಡರಿನಲ್ಲೇ ಬರೆಸಿ. ಮಾಲನ್ನು ಪಾಲುಕಂಟೇನರಿನಲ್ಲಿ ಹಾಕುವುದಾದರೆ ಜೊತೆಗಾರರ ಮಾಲು ಏನೆಂದು ಕೇಳಿ.

ಬೆಲೆ ಹೇಳುವಾಗ ಗುವಾಂಗ್‌ಝೌ ಒಂದನ್ನೇ ಪ್ರತಿಸ್ಪರ್ಧಿ ಎಂದು ತಿಳಿಯಬೇಡಿ. ಈಸ್ಟ್‌ಲೀಯಿಂದ ಕೂಗಳತೆಯ ಗಿಕೊಂಬಾ ಪೇಟೆಯಲ್ಲಿ ಯುರೋಪ್, ಅಮೆರಿಕಗಳಿಂದ ಬಂದ ಹಳೆಯ ಜೀನ್ಸ್ ರಾಶಿ ರಾಶಿ ಬೀಳುತ್ತದೆ. ಅಲ್ಲಿ ಒಳ್ಳೆಯ ಒಂದು ಜೊತೆಗೆ ಎಷ್ಟು ಎಂಬುದನ್ನು ನಿಮ್ಮ ಗಿರಾಕಿಯನ್ನೇ ಕೇಳಿ ತಿಳಿದು, ಆಮೇಲೆ ನಿಮ್ಮ ದರ ಹೇಳಿ.